ರಂಜಕ ಕಾದಂಬರಿಗಳೂ ರಸವಿಮರ್ಶೆಯೂ

ರೋಚಕ, ಭಯಾನಕ, ಅದ್ಭುತ, ಪ್ರಣಯ ಕಾದಂಬರಿಗಳು ಹೊಸದಾಗಿ ಪ್ರಕಟವಾದಾಗ ಅವನ್ನು ವಿಮರ್ಶೆಗೆ ಅನರ್ಹವೆಂದು ಬದಿಗಿಡುವ ವಾಡಿಕೆ ವಿದ್ವಾಂಸರಲ್ಲಿ ಉಂಟು. ಇದಕ್ಕೆ ಚರಿತ್ರೆಯ ಸಮ್ಮತಿಯಿಲ್ಲ. ‘ಕಾದಂಬರಿ’ಯೆಂಬ ಹೆಸರೇ ಬಾಣನ ಪ್ರಣಯಕಥೆಯಿಂದ ಬಂದುದು, ಶಾಪ, ಜನ್ಮಾಂತರಗಳ ಅದ್ಭುತವೂ ಅದರಲ್ಲಿ ತುಂಬಿದೆ. ನಾಗವರ್ಮನು ಅದನ್ನು ಕನ್ನಡದಲ್ಲಿ ಚಂಪುವಾಗಿ ರಚಿಸಿದನು. ಪರಸ್ಪರರನ್ನು ಕನಸಿನಲ್ಲಿ ಕಂಡವರ ಅನುರಾಗವೇ 12ನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯ ವಸ್ತು. ಕೆಂಪುನಾರಾಯಣನ ‘ಮುದ್ರಾಮಂಜೂಷ’ವೋ (1823) ಗೂಢಚಾರರ ಹಾಗೂ ಕಪಟೋಪಾಯಗಳ ಕಥೆ.

ಇಂಥ ಕೃತಿಗಳನ್ನು ಅಳೆಯುವ ಮಾನವಾವುದು? ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು (1906–1966) ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸ, ಧ್ವನಿ, ಔಚಿತ್ಯಗಳನ್ನು ಕನ್ನಡದಲ್ಲಿ ವಿಶದಪಡಿಸಿರುವರು. ಶೃಂಗಾರದಂತೆ ಭಯಾನಕ, ಅದ್ಭುತಗಳೂ ರಸಗಳೇ. ಓದುಗನ ಭಯವು ಬರಿಯ ಬೆಚ್ಚುವಿಕೆಯಲ್ಲಿ ಮುಗಿಯಿತೋ, ವಿಭಾವಾದಿಗಳಿಂದ ಪುಷ್ಟವಾಗಿ ಆಸ್ವಾದ್ಯವಾಯಿತೋ ಎಂಬುದನ್ನು ಪರೀಕ್ಷಿಸಬೇಕು. ರೋಚಕ ಕಥೆಗೂ ಇದೇ ನ್ಯಾಯ: ರಹಸ್ಯವು ತಿಳಿದ ಮೇಲೂ ಮರಳಿ ಓದಿಸುವುದು ರಸವತ್ತಾದ ಕೃತಿ, ಅಲ್ಲದುದು ಕೇವಲ ಕುತೂಹಲದ್ದು.

ತಿಪಟೂರು, ತುರುವೇಕೆರೆಯ ವಿದ್ಯಾರ್ಥಿಯು ಇಂಥ ಪುಸ್ತಕವನ್ನು ಹಿಡಿದು ಬಂದರೆ ಅಧ್ಯಾಪಕರು ಅದನ್ನು ಹಳಿಯದೆ, ಅವನೊಡನೆ ಓದಿ ಗುಣದೋಷಗಳನ್ನು ತೋರಿಸಲಿ. ಮೆಚ್ಚಿ ಓದುವ ಪುಸ್ತಕದಲ್ಲಿ ಮೂಡದ ವಿವೇಚನೆಯು ಪಠ್ಯದಿಂದ ಮಾತ್ರವೇ ಮೂಡುವುದು ದುರ್ಲಭ.