ಒಲವು, ವೈರಾಗ್ಯ ಮತ್ತು ಕೊಟ್ಟ ಮಾತು: ಹರಿಹರನ ಎರಡು ರಗಳೆಗಳು

ಭಕ್ತಚರಿತ್ರೆಗಳಲ್ಲಿ ಒಲವಿಗೂ ವೈರಾಗ್ಯಕ್ಕೂ ಎಣ್ಣೆ-ಸೀಗೆಯ ಸಂಬಂಧವೆಂದೂ, ಒಂದನ್ನು ತೊರೆದೇ ಇನ್ನೊಂದನ್ನು ಪಡೆಯಬೇಕೆಂದೂ ಭಾವಿಸುವುದು ವಾಡಿಕೆ. ಹಂಪೆಯ ಹರಿಹರನ ‘ಮಹಾದೇವಿಯಕ್ಕನ ರಗಳೆ’ಯನ್ನು ‘ನಂಬಿಯಣ್ಣನ ರಗಳೆ’ಯ ಜೊತೆಗಿಟ್ಟು ಓದಿದರೆ ಈ ಭಾವನೆ ನಿಲ್ಲುವುದಿಲ್ಲ. ಅರಸನ ಅಂತಃಪುರವನ್ನು ತೊರೆದವಳನ್ನೂ ಇಬ್ಬರು ಹೆಂಡಿರೊಡನೆ ಬಾಳಿದವನನ್ನೂ ಒಬ್ಬನೇ ಕವಿ ಸಮಾನ ಉತ್ಸಾಹದಿಂದ ಹಾಡಿದ್ದಾನೆ. ಈ ಎರಡನ್ನೂ ಬೆಸೆಯುವ ನಿಲುವು ಯಾವುದೆಂಬುದೇ ಇಲ್ಲಿನ ಪ್ರಶ್ನೆ.

ಉಡುತಡಿಯ ಮಹಾದೇವಿ ಭವಿಯಾದ, ಎಂದರೆ ಶಿವಭಕ್ತನಲ್ಲದ, ಅರಸ ಕೌಶಿಕನನ್ನು ವರಿಸುವುದು ಒತ್ತಡದಿಂದ. ಆದರೂ ಷರತ್ತುಗಳನ್ನು ಹಾಕಿಯೇ ವರಿಸುತ್ತಾಳೆ. ಲಿಂಗಪೂಜೆ, ಶಿವಭಕ್ತರ ಸಂಗ, ಗುರುಸೇವೆ ಈ ಮೂರೂ ತನ್ನಿಚ್ಛೆಯಂತೆ ನಡೆಯಬೇಕು. ಮೂರು ತಪ್ಪುಗಳವರೆಗೆ ಸೈರಿಸುವೆನೆಂಬುದು ಆಕೆಯ ಕರಾರು. ಅರಸ ಮೂರು ಬಾರಿ ಮಾತು ಮುರಿದ ಮೇಲೆ ಆಕೆ ಶ್ರೀಶೈಲದ ದಾರಿ ಹಿಡಿಯುತ್ತಾಳೆ. ಹೀಗೆ ಹರಿಹರನ ಕಥನದಲ್ಲಿ ನಿರ್ಗಮನಕ್ಕೆ ನೇರ ಕಾರಣ ವಚನಭಂಗ. ಒಲವಿನ ಭಾಷೆಯನ್ನೂ ಆಕೆ ಕೈಬಿಡುವುದಿಲ್ಲ. ಶ್ರೀಶೈಲದ ಶಿವನಾದ ಚೆನ್ನಮಲ್ಲಿಕಾರ್ಜುನನೇ ಆಕೆಗೆ ಗಂಡ.

ನಂಬಿಯಣ್ಣ ತಮಿಳಿನ ಸುಂದರಮೂರ್ತಿ ನಾಯನಾರ್. ತಿರುವಾರೂರಿನ ಪರವೆಯನ್ನೂ ತಿರುವೊತ್ತಿಯೂರಿನ ಸಂಕಿಲೆಯನ್ನೂ ಆತ ವರಿಸುವುದು ಶಿವನ ಅನುಗ್ರಹದಿಂದಲೇ. ಅಗಲುವುದಿಲ್ಲವೆಂದು ಸಂಕಿಲೆಗೆ ಕೊಟ್ಟ ಮಾತನ್ನು ಮುರಿದಾಗ ಆತ ಕಣ್ಣು ಕಳೆದುಕೊಳ್ಳುತ್ತಾನೆ. ಭಕ್ತನ ಶೃಂಗಾರವನ್ನು ಸಹಿಸುವ ಶಿವ ಆತನ ವಚನಭಂಗವನ್ನು ಸಹಿಸುವುದಿಲ್ಲ. ಆದರೂ ಮುನಿದ ಪರವೆಯ ಮನೆಗೆ ತಾನೇ ದೂತನಾಗಿ ನಡೆದು ದಾಂಪತ್ಯವನ್ನು ಮತ್ತೆ ಕೂಡಿಸುತ್ತಾನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಗಂಡಿಗೆ ದೇವರೇ ದೂತನಾದರೆ ಹೆಣ್ಣು ಒಬ್ಬಳೇ ಕಾಡುಮೇಡು ಅಲೆಯಬೇಕಾಯಿತಲ್ಲ? ಈ ಅಸಮಾನತೆ ದಿಟ; ಮಾತು ತಪ್ಪಿದ ನಂಬಿಯಣ್ಣನಿಗೆ ದೊರೆತ ರಿಯಾಯಿತಿಯಲ್ಲಿ ಕಾಲದ ಪುರುಷಪಕ್ಷಪಾತವೂ ಇದೆ. ಆದರೆ ಪರವೆ, ಸಂಕಿಲೆಯರಿಬ್ಬರೂ ಶಿವಭಕ್ತೆಯರು. ಆ ದಾಂಪತ್ಯಗಳಲ್ಲಿ ಮಾತಿಗೆ ಶಿವನೇ ಸಾಕ್ಷಿ. ಕೌಶಿಕನ ಅರಮನೆಯಲ್ಲಿ ಅಂಥ ಸಾಕ್ಷಿಗೆ ಮನ್ನಣೆಯಿಲ್ಲ. ಆದ್ದರಿಂದ ಅಲ್ಲಿ ಬಿರುಕು ಕೂಡುವ ದಾರಿಯೇ ಉಳಿಯುವುದಿಲ್ಲ.

15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮಹಾದೇವಿ-ಕೌಶಿಕರ ಮದುವೆಯೇ ನಡೆಯುವುದಿಲ್ಲ. ಮದುವೆ ಆಯಿತೋ ಇಲ್ಲವೋ ಎಂಬ ವಾದದಲ್ಲಿ ಆಧುನಿಕ ವಿದ್ವಾಂಸರು ಬಹಳ ಶ್ರಮಿಸಿದ್ದಾರೆ. ಆದರೆ ಎರಡು ಪಠ್ಯಗಳ ಅಂತರ ಚರಿತ್ರೆಯ ಸಂಗತಿಗಿಂತ ಆದರ್ಶದ ಬದಲಾವಣೆಯನ್ನು ಹೆಚ್ಚು ಸ್ಪಷ್ಟವಾಗಿ ತೋರುತ್ತದೆ. ಚಾಮರಸನಿಗೆ ಸಂಸಾರದ ಸೋಂಕಿಲ್ಲದ ವಿರಾಗಿಣಿ ಬೇಕಿದ್ದಳು; ಹರಿಹರನಿಗೆ ಮದುವೆಯೊಳಗೆ ನಿಂತು ಅದರ ಕರಾರನ್ನು ಪರೀಕ್ಷಿಸುವ ಹೆಣ್ಣು ಬೇಕಿದ್ದಳು.

ಹರಿಹರನಲ್ಲಿ ಆಯ್ಕೆ ಇರುವುದು ಪ್ರೀತಿ ಮತ್ತು ದೇವರ ನಡುವೆ ಅಲ್ಲ. ಮಾತು ಉಳಿಯುವ ಸಂಬಂಧ ಮತ್ತು ಮಾತು ಮುರಿಯುವ ಅಧಿಕಾರದ ನಡುವೆ. ಅವನ ರಗಳೆಗಳಿಗೆ ‘ಸಂಸಾರವಿರೋಧಿ’ ಎಂಬ ಹಣೆಪಟ್ಟಿ ಒಪ್ಪುವುದಿಲ್ಲ.