ಅರಸನಿಲ್ಲದ ಮಹಾನವಮಿ: ಹಾವೇರಿ–ಬ್ಯಾಡಗಿ ಸೀಮೆಯ ಶರತ್ಕಾಲದ ಉತ್ಸವಗಳು

ಕನ್ನಡನಾಡಿನ ಶರತ್ಕಾಲದ ಉತ್ಸವಗಳನ್ನು ಕುರಿತು ವಿಚಾರಮಾಡುವವರು ಅರಮನೆಯ ಬಾಗಿಲಿನಿಂದಲೇ ಪ್ರಾರಂಭಿಸುವುದು ವಾಡಿಕೆಯಾಗಿದೆ. ವಿಜಯನಗರದ ಮಹಾನವಮಿಯ ದಿಬ್ಬ, ಶ್ರೀರಂಗಪಟ್ಟಣದ ಒಡೆಯರ ದರ್ಬಾರು, ಮೈಸೂರಿನ ಜಂಬೂಸವಾರಿ ಎಂಬೀ ಮೂರನ್ನು ಒಂದೇ ಸೂತ್ರದಲ್ಲಿ ಪೋಣಿಸಿದರೆ ಮಹಾನವಮಿಯ ಚರಿತ್ರೆಯು ಮುಗಿಯಿತೆಂಬ ಭಾವನೆಯೂ ಉಂಟು. ಆದರೆ ವರದೆ ತುಂಗಭದ್ರೆಗಳ ನಡುವಣ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಇಂಥ ಸಿಂಹಾಸನವೂ ಇಲ್ಲ, ಅಂಬಾರಿಯೂ ಇಲ್ಲ. ಹೀಗಿದ್ದರೂ ಆಶ್ವಯುಜ ಶುದ್ಧ ಪಾಡ್ಯದಿಂದ ಕಾರ್ತಿಕದ ಹುಣ್ಣಿಮೆಯವರೆಗೆ ಇಲ್ಲಿಯ ಊರುಗಳು ಒಂದಾದಮೇಲೊಂದು ಉತ್ಸವವನ್ನು ತಪ್ಪದೆ ನಡೆಯಿಸಿಕೊಂಡು ಬಂದಿರುವುವು. ಇವು ಅರಮನೆಯ ಉತ್ಸವದ ಅವಶೇಷಗಳೆ, ಅಥವಾ ಸ್ವತಂತ್ರವಾದ ಮೂಲವುಳ್ಳವೆ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಮೊದಲು ಅರಮನೆಯ ಮಹಾನವಮಿಯ ಸ್ವರೂಪವನ್ನು ನೋಡಬೇಕು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಒಂಬತ್ತು ದಿನಗಳ ಈ ಹಬ್ಬವನ್ನು ವಿಸ್ತಾರವಾಗಿ ವರ್ಣಿಸಿರುವನು. ಸಿಂಗರಿಸಿದ ಆನೆ ಕುದುರೆಗಳು, ಮಲ್ಲರ ಕಾಳಗ, ನರ್ತಕಿಯರ ಮೇಳ, ಬಾಣಬಿರುಸು, ಕೊನೆಯಲ್ಲಿ ಸೈನ್ಯದ ಅವಲೋಕನ ಇವೆಲ್ಲವೂ ಅವನ ಬರಹದಲ್ಲಿ ಬಂದಿವೆ. ಅವನ ತರುವಾಯ ಬಂದ ನ್ಯೂನಿಜನು ಇನ್ನೊಂದು ಮುಖ್ಯ ಸಂಗತಿಯನ್ನು ತಿಳಿಸುವನು: ನಾಯಕರು ಅರಸನಿಗೆ ಸಲ್ಲಿಸಬೇಕಾದ ಹಣವನ್ನು ಈ ಹಬ್ಬದ ದಿನಗಳಲ್ಲಿಯೇ ಸಲ್ಲಿಸುತ್ತಿದ್ದರು. ಆದುದರಿಂದ ಆ ಮಹಾನವಮಿಯು ದೇವಿಯ ಪೂಜೆಯೂ ಹೌದು, ಸೈನ್ಯದ ಲೆಕ್ಕವೂ ಹೌದು, ಬೊಕ್ಕಸದ ಲೆಕ್ಕವೂ ಹೌದು. ಹೊಲದಲ್ಲಿ ಬೆಳೆದುದರ ಒಂದು ಪಾಲು ಅಂದು ಸಿಂಹಾಸನದ ಕಡೆಗೆ ಹರಿಯುತ್ತಿತ್ತು.

1565ರ ಯುದ್ಧದಿಂದ ಆ ರಾಜಧಾನಿಯು ಹಾಳಾಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮಹಾನವಮಿಯನ್ನು ಪ್ರಾರಂಭಿಸಿದರು. ದಕ್ಷಿಣದಲ್ಲಿ ಪರಂಪರೆಯು ಹೀಗೆ ಮುಂದುವರಿದರೆ, ವರದೆಯ ದಡದ ಸೀಮೆಯ ಗತಿಯು ಬೇರೆಯಾಯಿತು. ಬಿಜಾಪುರದವರು, ಸವಣೂರಿನ ನವಾಬರು, ಮರಾಠರು, ಹೈದರ್ ಮತ್ತು ಟೀಪೂ ಇವರ ಕೈಯಿಂದ ಕೈಗೆ ಈ ನೆಲವು ಹೋಗಿಬಂದು, ಪೇಶವೆಯ ಪತನದೊಡನೆ 1818ರ ಹೊತ್ತಿಗೆ ಇದರ ಬಹುಭಾಗವು ಇಂಗ್ಲಿಷರ ವಶವಾಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತು. ಹಬ್ಬಕ್ಕೆ ಬೊಕ್ಕಸದಿಂದ ಹಣಕೊಟ್ಟು ಮೆರೆಯಿಸುವ ಕನ್ನಡದೊರೆ ಇಲ್ಲಿ ಇಲ್ಲವಾದನು. ಅರಮನೆಯೇ ಮಹಾನವಮಿಯ ಮೂಲವಾಗಿದ್ದ ಪಕ್ಷಕ್ಕೆ ಈ ಎರಡೂವರೆ ಶತಮಾನಗಳಲ್ಲಿ ಹಬ್ಬವು ಸೊರಗಿಹೋಗಬೇಕಾಗಿತ್ತು. ಹಾಗಾಗಲಿಲ್ಲವೆಂಬುದೇ ಗಮನಿಸತಕ್ಕ ಸಂಗತಿ.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶಸ್ವಾಮಿಯ ಗುಡಿಯಿದೆ. ಮೈಲಾರ, ಮಲ್ಲಯ್ಯ ಎಂಬ ಹೆಸರುಗಳಿಂದಲೂ, ಮಹಾರಾಷ್ಟ್ರದಲ್ಲಿ ಖಂಡೋಬನೆಂತಲೂ ಪ್ರಸಿದ್ಧನಾದ ದೈವವು ಇದೇ. ಮಣಿ ಮಲ್ಲರೆಂಬ ಅಸುರರನ್ನು ಕೊಂದ ಈ ದೈವದ ಭಕ್ತರು ಗೊರವರು. ಕರಿಯ ಕಂಬಳಿ, ಭಂಡಾರ, ಡಮರುಗಳೇ ಅವರ ಲಾಂಛನ. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕೋತ್ಸವವು ಮಾಘಮಾಸದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ನಡೆದರೆ, ದೇವರಗುಡ್ಡದಲ್ಲಿ ಅದು ಮಹಾನವಮಿಗೆ ಸೇರಿದುದು. ವ್ರತನಿಷ್ಠನಾದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ಆಕಾಶವನ್ನು ದಿಟ್ಟಿಸಿ, ನೆರೆದ ಜನಸ್ತೋಮವನ್ನು ಒಂದೇ ಕೂಗಿನಿಂದ ಸುಮ್ಮನಾಗಿಸುವನು; ಬಳಿಕ ಒಂದೇ ಒಂದು ವಾಕ್ಯವನ್ನು ನುಡಿಯುವನು. ಅದೇ ಆ ವರ್ಷದ ಕಾರಣಿಕ.

ಸಾಹಿತ್ಯದ ಅಧ್ಯಾಪಕರು ಈ ವಾಕ್ಯದ ಸ್ವರೂಪವನ್ನು ಲಕ್ಷಿಸುವುದು ಒಳ್ಳೆಯದು. ಅದು ಮೂರು ನಾಲ್ಕು ಪದಗಳಷ್ಟು ಚಿಕ್ಕದು. ಮುಗಿಲು, ನೆಲ, ಮುತ್ತು, ಸರ್ಪ ಮೊದಲಾದ ಸಂಕೇತಗಳಿಂದ ಕೂಡಿದುದು. ವಾಚ್ಯಾರ್ಥದಲ್ಲಿ ನಿಲ್ಲದೆ ವ್ಯಾಖ್ಯಾನವನ್ನು ಬೇಡುವುದು. ಒಕ್ಕಲಿಗನು ಅದರಲ್ಲಿ ಮಳೆಬೆಳೆಗಳನ್ನು ಕಾಣುವನು; ವರ್ತಕನು ಧಾರಣೆಯನ್ನು ಕಾಣುವನು; ಉಳಿದವರು ರಾಜಕಾರಣವನ್ನೂ ಕಾಣುವರು. ಹೇಳಿದವನೊಬ್ಬನು, ಅರ್ಥಮಾಡುವವರು ಸಾವಿರಾರು ಮಂದಿ. ವಿಜಯನಗರದಲ್ಲಿ ಪ್ರಜೆಗಳು ಅರಸನ ವೈಭವವನ್ನು ನೋಡಲು ನೆರೆದರು. ದೇವರಗುಡ್ಡದಲ್ಲಿ ತಮ್ಮ ವರ್ಷವು ಹೇಗಿರುವುದೆಂದು ಕೇಳಲು ನೆರೆಯುವರು. ಅಲ್ಲಿ ಕಣ್ಣಿಗೆ ಪ್ರಾಧಾನ್ಯ, ಇಲ್ಲಿ ಕಿವಿಗೆ.

ಮರುದಿನ ವಿಜಯದಶಮಿ. ಅಂದು ಬನ್ನಿ ಮುರಿಯುವ ಪದ್ಧತಿಯು ಈ ಸೀಮೆಯ ಊರೂರಲ್ಲಿಯೂ ಇದೆ. ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಬಚ್ಚಿಟ್ಟ ವಿರಾಟಪರ್ವದ ಕಥೆಯನ್ನು ಇದಕ್ಕೆ ಆಧಾರವಾಗಿ ಹೇಳುವರು. ಅರಸರಿಗೆ ಈ ದಿನವು ಸೀಮೋಲ್ಲಂಘನದ ದಿನ, ಎಂದರೆ ದಂಡಯಾತ್ರೆಯ ಮುಹೂರ್ತ. ಹಳ್ಳಿಯವರು ಎಲ್ಲೆಯನ್ನು ದಾಟಿಹೋಗುವುದು ಮಾತ್ರ ಬನ್ನಿಯ ಎಲೆಯನ್ನು ತರುವುದಕ್ಕಾಗಿ. ಅದನ್ನು ಬಂಗಾರವೆಂದು ಭಾವಿಸಿ ಕಿರಿಯರು ಹಿರಿಯರಿಗೆ ಕೊಟ್ಟು ನಮಸ್ಕರಿಸುವರು. ವರ್ಷವೆಲ್ಲ ಜಗಳವಾಡಿದವರೂ ಅಂದು ಬನ್ನಿಯನ್ನು ಬದಲಾಯಿಸಿಕೊಳ್ಳುವರು. ಶತ್ರುವನ್ನು ಗೆಲ್ಲಲು ಹೊರಡುವ ದಿನವೇ ಇಲ್ಲಿ ಹಗೆಯನ್ನು ಮರೆಯುವ ದಿನವಾಗಿದೆ.

ಐದು ದಿನಗಳ ತರುವಾಯ ಬರುವುದು ಶೀಗಿ ಹುಣ್ಣಿಮೆ. ಮುಂಗಾರಿನ ಪೈರು ಕಾಳುಕಟ್ಟಿ ನಿಂತಿರುವ ಕಾಲವದು. ಕಪ್ಪುನೆಲದ ಹೊಲಗಳಲ್ಲಿ ಬ್ಯಾಡಗಿಯ ಹೆಸರನ್ನು ದೇಶಾಂತರಕ್ಕೂ ಒಯ್ದ ಮೆಣಸಿನ ಗಿಡಗಳು ಇನ್ನೂ ಹಸುರಾಗಿರುವುವು. ಬೆಳೆಯನ್ನು ಹೊತ್ತ ಭೂಮಿಯನ್ನು ತುಂಬುಗರ್ಭಿಣಿಯೆಂದು ಭಾವಿಸಿ ಮನೆಮಂದಿಯೆಲ್ಲ ಬುತ್ತಿಯೊಡನೆ ಹೊಲಕ್ಕೆ ಹೋಗುವರು. ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜಿಸಿ, ಅಡುಗೆಯ ಒಂದು ಭಾಗವನ್ನು ಕೂಗು ಹಾಕುತ್ತ ಹೊಲದ ಸುತ್ತಲೂ ಚೆಲ್ಲುವರು. ಇದೇ ಚರಗ ಚೆಲ್ಲುವುದು. ಇದನ್ನು ನ್ಯೂನಿಜನ ಮಾತಿನೊಡನೆ ಹೋಲಿಸಿದರೆ ಎರಡು ಮಹಾನವಮಿಗಳ ಅಂತರವು ಸ್ಪಷ್ಟವಾಗುವುದು. ಅಲ್ಲಿ ಹೊಲದ ಪಾಲು ದೊರೆಗೆ ಸಲ್ಲುತ್ತಿತ್ತು. ಇಲ್ಲಿ ಮನೆಯ ಪಾಲು ಹೊಲಕ್ಕೆ ಹಿಂದಿರುಗುತ್ತದೆ.

ದೀಪಾವಳಿಯ ಬಲಿಪಾಡ್ಯಮಿಯಂದು ದನಕರುಗಳ ಪೂಜೆಯಾದ ಮೇಲೆ ಹೋರಿ ಬೆದರಿಸುವ ಆಟವು ಮೊದಲಾಗುವುದು. ಒಣಕೊಬ್ಬರಿಯ ಸರಗಳನ್ನು ಕಟ್ಟಿ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವೆ ಓಡಿಸುವರು. ತರುಣರು ಕೊಬ್ಬರಿಯನ್ನು ಹರಿಯಲು ಯತ್ನಿಸುವರು. ಸರವನ್ನು ಬಿಟ್ಟುಕೊಡದೆ ದಾಟಿಹೋದ ಹೋರಿಗೆ ಗೆಲುವು. ಗೆದ್ದ ಹೋರಿಯ ಹೆಸರು ಸುತ್ತಣ ಊರುಗಳಲ್ಲಿ ಮಲ್ಲನ ಹೆಸರಿನಂತೆ ಪ್ರಖ್ಯಾತವಾಗುವುದು. ಈ ಆಟದಲ್ಲಿ ಜನರು ಗಾಯಗೊಂಡುದೂ ಪ್ರಾಣವನ್ನು ಕಳೆದುಕೊಂಡುದೂ ಉಂಟೆಂಬುದನ್ನು ಮರೆಮಾಚುವುದು ಇತಿಹಾಸಕ್ಕೆ ಶೋಭಿಸದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮೊದಲಾದವುಗಳನ್ನು ನಿಷೇಧಿಸಿತು. ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶವಿತ್ತ 2017ರ ಕರ್ನಾಟಕದ ತಿದ್ದುಪಡಿಯನ್ನು 2023ರಲ್ಲಿ ಎತ್ತಿಹಿಡಿಯಿತು. ಪ್ರಾಣಿದಯೆಗೂ ಪರಂಪರೆಗೂ ನಡೆದ ಈ ವಾದದಲ್ಲಿ ಎರಡು ಪಕ್ಷಗಳಿಗೂ ಬಲವಾದ ಆಧಾರಗಳಿದ್ದುವು.

ಕಾರ್ತಿಕದ ಗೌರಿ ಹುಣ್ಣಿಮೆಯಲ್ಲಿ ಈ ಋತುವಿನ ಉತ್ಸವಗಳು ಹೆಣ್ಣುಮಕ್ಕಳ ಕೈಗೆ ಬರುವುವು. ಮರದ ಅಚ್ಚುಗಳಲ್ಲಿ ಎರೆದ ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿರಿಸಿ, ಬಾಲಕಿಯರು ಗೌರಿಗೆ ಆರತಿಯನ್ನು ಒಯ್ಯುವರು. ಮದುವೆ ಗೊತ್ತಾದ ಕನ್ಯೆಗೆ ವರನ ಮನೆಯಿಂದ ಸಕ್ಕರೆಯಾರತಿಯು ಬರುವುದು. ಆ ಗೊಂಬೆಗಳಲ್ಲಿ ಆನೆಯುಂಟು, ಕುದುರೆಯುಂಟು, ತೇರುಂಟು. ಪಾಯಸನು ಕಂಡ ಮೆರವಣಿಗೆಯ ಅಂಗಗಳು ಇಲ್ಲಿ ಮಕ್ಕಳ ಕೈಯಲ್ಲಿರುವುವು.

ಇಷ್ಟರಿಂದ ಹಳ್ಳಿಯ ಹಬ್ಬವೇ ಮೊದಲು, ಅರಮನೆಯದು ಅದರ ಅನುಕರಣವೆಂದು ಹೇಳುವುದು ಸಾಹಸವಾದೀತು. ಎರಡಕ್ಕೂ ಮೂಲವು ಋತುವೇ ಎಂಬುದು ಯುಕ್ತವಾದ ನಿರ್ಣಯ. ಮಳೆ ನಿಂತು, ಹೊಳೆಗಳು ಇಳಿದು, ದಾರಿಗಳು ಒಣಗಿದಾಗ ಅರಸರು ದಂಡಯಾತ್ರೆಗೆ ಹೊರಡುವರು. ಕಾಳಿದಾಸನ ರಘುವೂ ಶರತ್ಕಾಲದಲ್ಲಿಯೇ ದಿಗ್ವಿಜಯಕ್ಕೆ ಹೊರಟನು. ಅದೇ ಕಾಲದಲ್ಲಿ ಒಕ್ಕಲಿಗನು ಮುಂಗಾರಿನ ಬೆಳೆಯನ್ನು ಕಾಯುತ್ತ ಹಿಂಗಾರಿನ ಬಿತ್ತನೆಗೆ ಅಣಿಯಾಗುವನು. ಋತುವು ಒಂದೇ, ಅದರ ವಿನಿಯೋಗವು ಎರಡು. ಸಿಂಹಾಸನವು ಉರುಳಿದಾಗ ಒಂದು ವಿನಿಯೋಗವು ನಿಂತಿತು. ಮಳೆಬೆಳೆಗಳು ಇರುವವರೆಗೆ ಇನ್ನೊಂದು ನಿಲ್ಲಲು ಕಾರಣವಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮೂರನೆಯದೊಂದು ವಿನಿಯೋಗವು ಹುಟ್ಟಿತು. 1926ರಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ ನವರಾತ್ರಿಯಲ್ಲಿ ನಾಡಹಬ್ಬವನ್ನು ಪ್ರಾರಂಭಿಸಿದರು. ಕನ್ನಡಿಗರು ಆಗ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಮೊದಲಾದ ಆಳಿಕೆಗಳಲ್ಲಿ ಹಂಚಿಹೋಗಿದ್ದರು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಪ್ರಕಟವಾಗಿ ವಿಜಯನಗರದ ನೆನಪು ಹೊಸದಾಗಿ ಎಚ್ಚತ್ತಿತ್ತು. ನಾಡಹಬ್ಬವು ಆ ನೆನಪಿನಿಂದ ತಿಥಿಯನ್ನು ಎತ್ತಿಕೊಂಡಿತು. ಆದರೆ ಸಿಂಹಾಸನದ ಸ್ಥಾನದಲ್ಲಿ ನಾಡನ್ನೂ ನುಡಿಯನ್ನೂ ಇರಿಸಿತು. ಹಾಡು ಭಾಷಣಗಳಿಂದ ಕೂಡಿದ ಈ ಹಬ್ಬಕ್ಕೆ ಬೇಕಾದುದು ದೊರೆಯಲ್ಲ, ಕೇಳುವ ಜನ. ದೊರೆಯಿಲ್ಲದೆಯೂ ಮಹಾನವಮಿಯನ್ನು ನಡೆಯಿಸಬಹುದೆಂಬುದನ್ನು ಈ ಸೀಮೆಯ ಹಳ್ಳಿಗಳು ಅದಕ್ಕೆ ಬಹುಕಾಲ ಮೊದಲೇ ತೋರಿಸಿಕೊಟ್ಟಿದ್ದುವು.

1956ರ ನವೆಂಬರ್ 1ರಂದು ಏಕೀಕರಣವು ಸಿದ್ಧಿಸಿತು. 1971ರಲ್ಲಿ ರಾಜಧನವು ರದ್ದಾದ ತರುವಾಯ ಮೈಸೂರಿನ ಅಂಬಾರಿಯಲ್ಲಿಯೂ ಅರಸರಿಗೆ ಬದಲಾಗಿ ಚಾಮುಂಡೇಶ್ವರಿಯ ಮೂರ್ತಿಯು ಬಿಜಯಮಾಡುವ ಪದ್ಧತಿಯು ಬಂದಿತು. ನಾಡಹಬ್ಬವೆಂಬ ಹೆಸರು ಇಂದು ಮೈಸೂರಿನ ದಸರೆಗೂ ಸಲ್ಲುತ್ತದೆ. ಅರಸನಿಲ್ಲದ ಮಹಾನವಮಿಯೇ ಹೀಗೆ ಕನ್ನಡನಾಡಿಗೆಲ್ಲ ಸಾಮಾನ್ಯವಾಯಿತು.

1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. 2011ರಲ್ಲಿ ಅದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅರಮನೆಯ ಉತ್ಸವಕ್ಕೆ ಶಾಸನಗಳೂ ಪ್ರವಾಸಿಗಳ ಬರಹಗಳೂ ಸಾಕ್ಷಿಯಾಗಿ ಉಳಿದಿವೆ. ಹೊಲದ ಉತ್ಸವಕ್ಕೆ ಸಾಕ್ಷಿಯಾದುವು ಬಾಯಿಮಾತುಗಳು ಮಾತ್ರ: ಚರಗದ ಕೂಗು, ಗೌರಿಯ ಹಾಡು, ಗೊರವಯ್ಯನ ಒಂದು ವಾಕ್ಯ. ವರ್ಷವರ್ಷದ ಕಾರಣಿಕವನ್ನೂ, ಜನರು ಅದಕ್ಕೆ ಹೇಳಿದ ಅರ್ಥಗಳನ್ನೂ, ಆ ವರ್ಷದ ಮಳೆಬೆಳೆಗಳ ಸ್ಥಿತಿಯನ್ನೂ ಒಟ್ಟಿಗೆ ಬರೆದಿಟ್ಟರೆ ಈ ಸೀಮೆಯ ಒಕ್ಕಲುತನದ ಆಸೆ ಅಂಜಿಕೆಗಳ ಚರಿತ್ರೆಯೇ ಸಿದ್ಧವಾಗುವುದು. ದಿಬ್ಬದ ಕಲ್ಲು ಕೆತ್ತನೆಗಳಿಗೆ ಸಲ್ಲಿಸಿದ ಶ್ರದ್ಧೆಯಲ್ಲಿ ಒಂದಂಶವನ್ನಾದರೂ ವಿದ್ವಾಂಸರು ಈ ಮಾತುಗಳಿಗೆ ಸಲ್ಲಿಸುವುದು ನ್ಯಾಯವಾಗಿದೆ.