ಗಲ್ಲಿ ದಾಟಿದ ಇಂಟರ್‌ನೆಟ್ಟು

ಗರಿಯಾಹಾಟಿನ ನಮ್ಮ ಗಲ್ಲಿಯಲ್ಲಿ ಮನೆಗಳು ಎಷ್ಟು ಹತ್ತಿರ ಅಂದರೆ, ಎದುರು ಮನೆ ಬೌದಿ ಮೀನಿಗೆ ಸಾಸಿವೆ ಅರೆದರೆ ನಮ್ಮ ಹುಳಿಗೂ ಅದೇ ಘಮ. (ಬೌದಿ ಅಂದರೆ ಅತ್ತಿಗೆ. ಈ ಊರಲ್ಲಿ ನೆರೆಮನೆಯವರೆಲ್ಲ ದಾದಾ, ಬೌದಿಯರೇ.) 2006ರಲ್ಲಿ ಆ ಗಲ್ಲಿಯ ಮೇಲೆ ಇಂಟರ್‌ನೆಟ್ಟನ್ನೂ ದಾಟಿಸಿದ್ದೆವು.

ಆಗಿನ ವೇಗ ನೆನಪಿದೆಯಾ? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಕಲ್ಕತ್ತ ಮೊದಲ ಪಟ್ಟಿಯಲ್ಲೇ ಇತ್ತು, ಫೋನ್ ಲೈನಿನ ಕಿರುಚಾಟದ ಸಮೇತ. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಸಾಕು, ಅದೇ ಬ್ರಾಡ್‌ಬ್ಯಾಂಡ್ ಅಂದಿತು. ಅಂದರೆ ಸೆಕೆಂಡಿಗೆ 32 ಕಿಲೋಬೈಟ್. 5 ಎಂಬಿಯ ಒಂದು ಹಾಡು ಇಳಿಯಲು ಎರಡೂವರೆ ನಿಮಿಷದ ಮೇಲೆ. ನಮ್ಮದು ತಿಂಗಳಿಗೆ 1 ಜಿಬಿ ಮಿತಿ; ಪೂರ್ತಿ ವೇಗದಲ್ಲಿ ಎಳೆದರೆ ಒಂಬತ್ತೇ ಗಂಟೆಗೆ ಖಾಲಿ! ಆದರೆ ವೈ-ಫೈ ಪೆಟ್ಟಿಗೆಯ ಮೇಲೆ 54 ಎಂಬಿಪಿಎಸ್ ಅಂತ ಬರೆದಿತ್ತು. ಎಕ್ಸ್‌ಚೇಂಜಿನಿಂದ ನಮ್ಮ ಮನೆಗೆ ಬರುವ ದಾರಿಗಿಂತ, ನಮ್ಮ ಕಿಟಕಿಯಿಂದ ಬೌದಿಯ ಕಿಟಕಿಗೆ ಹೋಗುವ ದಾರಿ ಇನ್ನೂರು ಪಟ್ಟು ಅಗಲ, ಕಾಗದದ ಮೇಲಾದರೂ.

ಈ ಗಾಳಿದಾರಿಯೂ ಪುಕ್ಕಟೆ ಸಿಕ್ಕಿದ್ದಲ್ಲ ನೋಡಿ. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಪ್ರಕಾರ ನಿಸ್ತಂತು ಯಂತ್ರ ಇಟ್ಟುಕೊಳ್ಳಲೂ ಪರವಾನಗಿ ಬೇಕಿತ್ತು. 2005ರ ಜನವರಿಯಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದು ವ್ಯಾಟ್‌ವರೆಗಿನ ಯಂತ್ರಗಳಿಗೆ ಬೀದಿಯಲ್ಲೂ ವಿನಾಯಿತಿ ಕೊಟ್ಟಿತು. ಮರುತಿಂಗಳೇ ಧರ್ಮಶಾಲಾದ ಟಿಬೆಟನ್ನರ ನಡುವೆ ಗುಡ್ಡದಿಂದ ಗುಡ್ಡಕ್ಕೆ ವೈ-ಫೈ ಜಾಲ ಶುರುವಾಯಿತು. ಅಲ್ಲಿ ಆಂಟೆನಾಗಳಿಗೆ ಮಂಗಗಳು ಜೋತುಬೀಳುತ್ತಿದ್ದವಂತೆ. ಈಚೆಗೆ ನಮ್ಮ ತುಮಕೂರಿನ ದೇವರಾಯನದುರ್ಗದ ಬಳಿ ಜನಸ್ತು ಬಳಗವೂ ಅಂಥದ್ದೇ ಜಾಲ ಕಟ್ಟಿತು.

ಕಲ್ಕತ್ತಕ್ಕೆ ಇದು ಹೊಸ ಆಸೆಯೇನಲ್ಲ. 1895ರಲ್ಲಿ ಟೌನ್ ಹಾಲಿನಲ್ಲಿ ಗೋಡೆಯಾಚೆಗೆ ತಂತಿಯಿಲ್ಲದೆ ಗಂಟೆ ಬಾರಿಸಿ ತೋರಿಸಿದ್ದ ಜಗದೀಶಚಂದ್ರ ಬೋಸರು, ತಮ್ಮ ಮನೆಗೂ ಮೈಲಿ ದೂರದ ಪ್ರೆಸಿಡೆನ್ಸಿ ಕಾಲೇಜಿಗೂ ಸಂಕೇತ ಕಳಿಸಲು ಯೋಚಿಸಿದ್ದರು. 1896ರಲ್ಲಿ ಇಂಗ್ಲೆಂಡಿಗೆ ಹೊರಟರು, ಅದು ಹಾಗೇ ಉಳಿಯಿತು.

ನಮ್ಮ ಏರ್ಪಾಟಿಗೆ ವಿಜ್ಞಾನಿ ಬೇಕಿರಲಿಲ್ಲ. ಹಳೇ ಮನೆಯ ದಪ್ಪ ಇಟ್ಟಿಗೆ ಗೋಡೆ ಸಿಗ್ನಲ್ ನುಂಗುತ್ತಿತ್ತು. ರೌಟರನ್ನು ಕಿಟಕಿ ಕಟ್ಟೆಗೆ ತಂದಿಟ್ಟೆ, ಅಷ್ಟೆ. ದಾದಾ ಪ್ರತಿ ಒಂದನೇ ತಾರೀಕು ತಮ್ಮ ಪಾಲಿನ ದುಡ್ಡು ತಂದುಕೊಡುತ್ತಿದ್ದರು. ಮನೆಯಾಚೆ ಹಂಚಬಾರದು ಅಂತ ಕಂಪನಿಯ ಫಾರಮ್ಮಿನಲ್ಲಿ ಸಣ್ಣಕ್ಷರದಲ್ಲಿತ್ತು. ಓದಿದ್ದೆ, ಓದದವನ ಹಾಗೆ ಇದ್ದೆ. ಒಮ್ಮೆ ಅವರ ಮಗ ಸಿನಿಮಾ ಇಳಿಸಿ ಮಿತಿ ದಾಟಿ ಬಿಲ್ಲು ಎರಡು ಪಟ್ಟಾಯಿತು. ನಾನು ಬಾಯಿಬಿಡುವ ಮೊದಲೇ ಬೌದಿ ದುಡ್ಡಿನ ಜೊತೆ ಸಂದೇಶ್ ಡಬ್ಬಿ ತಂದರು.

ಆಮೇಲೆ 2008ರ ಜುಲೈ 26. ಅಹಮದಾಬಾದ್ ಸ್ಫೋಟಕ್ಕೆ ನಿಮಿಷಗಳ ಮೊದಲು ಬಂದ ಇ-ಮೇಲ್, ನವಿಮುಂಬಯಿಯ ಯಾರದೋ ಮನೆಯ ವೈ-ಫೈನಿಂದ ಹೋಗಿತ್ತು. ಆ ಮನೆಯವರು ಪೊಲೀಸರ ಪ್ರಶ್ನೆಗಳನ್ನು ಎದುರಿಸಬೇಕಾಯಿತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯೇ ವೈ-ಫೈ ಭದ್ರಪಡಿಸಬೇಕೆಂದು ಸೂಚಿಸಿತು. ನಾನು ಅಷ್ಟು ದಿನ ಕಾಯಲಿಲ್ಲ. ಪೇಪರು ಓದಿದ ರಾತ್ರಿಯೇ ಪಾಸ್‌ವರ್ಡ್ ಬದಲಿಸಿದೆ, ಎದುರು ಮನೆಗೆ ಹೇಳದೆ.

ಅವರೂ ಕೇಳಲಿಲ್ಲ. ಒಂದನೇ ತಾರೀಕು ಮಾತ್ರ ದುಡ್ಡು ಬಂತು! ಕೊಡಲು ಬಂದ ದಾದಾ, "ಈಚೆಗೆ ನೆಟ್ಟು ಬರ್ತಾ ಇಲ್ಲ, ನಿಮ್ಮಲ್ಲೂ ಕೆಟ್ಟಿದೆಯಾ?" ಅಂದರು. ಏನು ಹೇಳಲಿ? ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೋಗಿ, ಹುಡುಗನ ಕಂಪ್ಯೂಟರಿನಲ್ಲಿ ಹೊಸ ಪಾಸ್‌ವರ್ಡ್ ಟೈಪು ಮಾಡಿ ಬಂದೆ.